ಪೆನ್ಸಿಲ್ ಬರಹ ‘ಫೋರ್ಡ್’ ಎನ್ನುತ್ತದೆ, ಜಾಲರಿ ಬೇರೆ ಹೇಳುತ್ತದೆ

ಎರಡನೇ ಮಹಾಯುದ್ಧದ ಹಳೆಯ ಫೋಟೊಗಳ ಹಿಂದೆ ಬರೆದಿರುವ ಟಿಪ್ಪಣಿಗಳಲ್ಲಿ ಹೆಚ್ಚು ತಪ್ಪುವುದು ಜನರ ಹೆಸರಲ್ಲ, ಗಾಡಿಯ ಹೆಸರು. ತನ್ನ ಜೊತೆ ನಿಂತವರು ಯಾರೆಂದು ಸೈನಿಕನಿಗೆ ಹತ್ತು ವರ್ಷವಾದರೂ ನೆನಪಿರುತ್ತದೆ. ಬೆನ್ನ ಹಿಂದಿದ್ದ ಲಾರಿ ಯಾವ ಕಂಪನಿಯದು, ಎಷ್ಟು ಟನ್ನಿನದು ಎಂಬುದು ನೆನಪಿರಬೇಕೆಂದೇನಿಲ್ಲ. ಇಲ್ಲಿ ಒಂದೇ ಒಂದು ಫೋಟೊವನ್ನು ಎತ್ತಿಕೊಂಡು, ಅದರಲ್ಲಿರುವ ಕೆನಡಾ ಮಿಲಿಟರಿ ಲಾರಿಯನ್ನು ಗುರುತಿಸುವ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿದ್ದೇವೆ. ಫೋಟೊ ಯಾವುದೋ ಸಂಗ್ರಹದಿಂದ ತಂದದ್ದಲ್ಲ. ಇಂಥ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನೆಲ್ಲ ಒಂದೇ ಚೌಕಟ್ಟಿಗೆ ಸೇರಿಸಿ ಕಟ್ಟಿದ ಮಾದರಿ ಅದು. ಗಾಡಿಗಳ ಅಳತೆ ಮತ್ತು ಇತಿಹಾಸ ಮಾತ್ರ ನಿಜವಾದವು.

ಮೇಜಿನ ಮೇಲಿರುವುದು

6×9 ಸೆಂಟಿಮೀಟರಿನ ಕಪ್ಪು-ಬಿಳುಪು ಕಾಂಟ್ಯಾಕ್ಟ್ ಪ್ರಿಂಟ್. ಅಂದರೆ ನೆಗೆಟಿವ್ ಎಷ್ಟಿತ್ತೋ ಅಷ್ಟೇ ದೊಡ್ಡ ಚಿತ್ರ, ಹಿಗ್ಗಿಸಿದ್ದಲ್ಲ. ತೋಳು ಮಡಚಿದ ಅಂಗಿ, ಚಡ್ಡಿ ತೊಟ್ಟ ಐವರು ಸೈನಿಕರು ಒಂದು ಲಾರಿಯ ಮುಂದೆ ನಿಂತಿದ್ದಾರೆ. ಲಾರಿಯನ್ನು ಮುಂದಿನ ಮೂಲೆಯಿಂದ, ಓರೆಯಾಗಿ ತೆಗೆದಿದ್ದಾರೆ. ರೇಡಿಯೇಟರಿನ ಜಾಲರಿಯ ಮುಕ್ಕಾಲು ಭಾಗ ಇಬ್ಬರ ಬೆನ್ನ ಹಿಂದೆ ಅಡಗಿದೆ. ಹಿಂದಿನ ಚಕ್ರ ಪೂರ್ತಿ ಕಾಣುತ್ತದೆ, ಅದರಾಚೆ ಚಕ್ರದ ಅಗಲದ ಒಂದೂವರೆಯಷ್ಟು ಜಾಗ ಖಾಲಿ ಇದೆ, ಅಲ್ಲಿಗೆ ಚೌಕಟ್ಟು ಮುಗಿಯುತ್ತದೆ. ಬಾನೆಟ್ಟಿನ ಪಕ್ಕದಲ್ಲಿ ಬಿಳಿ ಬಣ್ಣದ ಅಕ್ಷರ, ಅಂಕಿ. ‘ಎಲ್’ ಮತ್ತು ಅದರ ಮುಂದಿನ ಎರಡು ಅಂಕಿ ಓದಲು ಬರುತ್ತವೆ. ‘ಎಲ್’ನ ಎಡಕ್ಕೆ ಒಬ್ಬನ ಮೊಣಕೈ ಅಡ್ಡ ಬಂದಿದೆ. ಹಿಂಬದಿಯಲ್ಲಿ ಪೆನ್ಸಿಲ್ ಬರಹ: ‘ಫೋರ್ಡ್ 15 ಹಂಡ್ರೆಡ್‌ವೇಟ್, ಲಿಬಿಯಾ, 1941’.

ಈ ಒಂದು ಸಾಲಿನಲ್ಲಿ ನಾಲ್ಕು ಹೇಳಿಕೆಗಳಿವೆ. ಕಂಪನಿ, ಭಾರದ ವರ್ಗ (ಗಾಡಿ ಹೊರುವ ಹೊರೆ; ಹಂಡ್ರೆಡ್‌ವೇಟ್ ಎಂಬುದು ಬ್ರಿಟಿಷ್ ತೂಕದ ಅಳತೆ), ಜಾಗ, ವರ್ಷ. ನಾಲ್ಕನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು. ಒಂದು ತಪ್ಪಾಯಿತೆಂದು ಉಳಿದ ಮೂರನ್ನು ಎಸೆಯುವುದು, ಒಂದು ಸರಿಯಾಯಿತೆಂದು ಉಳಿದವನ್ನು ಒಪ್ಪುವುದು, ಎರಡೂ ಈ ಕೆಲಸದಲ್ಲಿ ದಿನನಿತ್ಯ ನಡೆಯುವ ಎಡವಟ್ಟುಗಳು.

ಸ್ಕ್ಯಾನ್ ಮಾಡುವಾಗಲೇ ಕೆಡುವುದು

1200 ಡಿಪಿಐ (ಅಂಗುಲಕ್ಕೆ 1200 ಚುಕ್ಕೆ), 16 ಬಿಟ್ ಗ್ರೇಸ್ಕೇಲ್, ಟಿಫ್ ಫೈಲ್. 9 ಸೆಂಟಿಮೀಟರ್ ಬದಿಗೆ ಸುಮಾರು 4250 ಪಿಕ್ಸೆಲ್ ಸಿಗುತ್ತದೆ, ಅಳತೆಗೆ ಧಾರಾಳವಾಗಿ ಸಾಕು. ಸ್ಕ್ಯಾನರಿನ ಶಾರ್ಪನಿಂಗ್ (ಅಂಚು ಚೂಪು ಮಾಡುವ) ಆಯ್ಕೆಯನ್ನು ಕಡ್ಡಾಯವಾಗಿ ಬಂದ್ ಮಾಡಿಡಬೇಕು. ಅದು ಪ್ರತಿ ಅಂಚಿನ ಸುತ್ತ ಬಿಳಿ ಗೆರೆ ಎಳೆದು ಟಯರಿನ ಅಂಚನ್ನು ಕೆಲವು ಪಿಕ್ಸೆಲ್ ಆಚೀಚೆ ಮಾಡಿಬಿಡುತ್ತದೆ. ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇಟ್ಟು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಸ್ಕ್ಯಾನ್ ಮಾಡಿ ನೋಡಿ. ಎರಡೂ ಕಡೆ ಒಂದು ಸೆಂಟಿಮೀಟರಿಗೆ ಅಷ್ಟೇ ಪಿಕ್ಸೆಲ್ ಬರದಿದ್ದರೆ ಸ್ಕ್ಯಾನರ್ ಚಿತ್ರವನ್ನು ಹಿಗ್ಗಿಸುತ್ತಿದೆ ಎಂದರ್ಥ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಅಳಿಸಿದ ಪೆನ್ಸಿಲ್ ಬರಹ ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಅಚ್ಚಿನ ತಗ್ಗಾಗಿ ಕಾಣುತ್ತದೆ.

ಮಸುಕು ಚಿತ್ರವನ್ನು ಚೊಕ್ಕ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಆಪ್‌ಗಳಿಂದ ಇಲ್ಲಿ ದೂರವಿರಿ. ಮುಖ ಚೆಂದ ಕಾಣಲಿ ಎಂದು ಮಾಡಿದ ಉಪಕರಣ ಅದು, ಇಲ್ಲದ ಜಾಲರಿಯನ್ನು ನೇಯ್ದುಕೊಡುತ್ತದೆ. ಮುಂದೆ ನೋಡುವಂತೆ, ಈ ಪ್ರಕರಣದಲ್ಲಿ ಕಂಪನಿ ಯಾವುದೆಂಬುದು ನಿಂತಿರುವುದೇ ಜಾಲರಿಯ ಮೇಲೆ.

ಇನ್ನೊಂದು ಪೂರ್ವಪರೀಕ್ಷೆ: ಚಿತ್ರ ಎಡ-ಬಲ ತಿರುಗಿದೆಯೇ? ನೆಗೆಟಿವನ್ನು ಮಗುಚಿ ಹಾಕಿ ತೆಗೆದ ಪ್ರಿಂಟುಗಳು ಅಪರೂಪವಲ್ಲ. ನಂಬರು ಓದಲು ಬಂದರೆ ಸಂಶಯವೇ ಇಲ್ಲ. ಬಾರದಿದ್ದರೆ ಸ್ಟೀರಿಂಗ್ ನೋಡಿ. ಬ್ರಿಟಿಷ್ ಸೇನೆಯ ಅಗತ್ಯಕ್ಕೆ ತಕ್ಕಂತೆ ರೂಪಿಸಿದ ಈ ಲಾರಿಗಳ ಸ್ಟೀರಿಂಗ್ ಬಲಗಡೆಗೆ. ಎಡಗಡೆ ಕಂಡರೆ ಮೊದಲು ಪ್ರಿಂಟಿನ ಮೇಲೆ ಅನುಮಾನಪಡಿ, ಆಮೇಲೆ ಗಾಡಿಯ ಮೇಲೆ. ಗಂಡಸರ ಅಂಗಿಯ ಗುಂಡಿಪಟ್ಟಿಯೂ ಸಾಕ್ಷಿ ಹೇಳುತ್ತದೆ, ಎಡಭಾಗ ಮೇಲೆ ಬರಬೇಕು. ನಮ್ಮ ಚಿತ್ರ ನೆಟ್ಟಗಿದೆ.

ಮೂಗಿಲ್ಲದ ಲಾರಿ

ಯುದ್ಧಕಾಲದಲ್ಲಿ ಕೆನಡಾ 8 ಲಕ್ಷಕ್ಕೂ ಹೆಚ್ಚು ಮಿಲಿಟರಿ ವಾಹನಗಳನ್ನು ಕಟ್ಟಿತು. ಅದರಲ್ಲಿ ದೊಡ್ಡ ಪಾಲು ‘ಕೆನಡಿಯನ್ ಮಿಲಿಟರಿ ಪ್ಯಾಟರ್ನ್’ ಎಂದು ಕರೆಯುವ ಒಂದೇ ಕುಟುಂಬದ್ದು. ಕಟ್ಟಿದವರು ಇಬ್ಬರು: ಒಂಟಾರಿಯೊದ ವಿಂಡ್ಸರಿನಲ್ಲಿ ಫೋರ್ಡ್, ಆಶಾವಾದಲ್ಲಿ ಜನರಲ್ ಮೋಟಾರ್ಸ್. ಜನರಲ್ ಮೋಟಾರ್ಸಿನವು ಷೆವರ್ಲೆ ಹೆಸರಿನಲ್ಲಿ ಬಂದವು. ಹಡಗಿನಲ್ಲಿ ಕಡಿಮೆ ಜಾಗ ಹಿಡಿಯಲೆಂದು ಎಂಜಿನ್ನನ್ನು ಕ್ಯಾಬಿನೊಳಕ್ಕೆ ತಳ್ಳಿ ಮೂತಿಯನ್ನು ಮೊಂಡಾಗಿಸಿದ್ದರಿಂದ ಈ ಗಾಡಿಗೆ ಚಪ್ಪಟೆ ಮುಖ, ಒಳಗೆ ಕಾಲಿಡಲು ಇಕ್ಕಟ್ಟು. ಮೊಂಡುಮೂತಿ ಕಂಡರೆ ಈ ಕುಟುಂಬದ ಕಡೆ ಮನಸ್ಸು ಹೊರಳಬಹುದು. ಉದ್ದಮೂತಿ ಕಂಡರೆ ಕೆನಡಾದ್ದಲ್ಲ ಎಂದುಕೊಳ್ಳಬಾರದು. ಕೆನಡಾದ ಕ್ರೈಸ್ಲರ್ ಕಟ್ಟಿದ ಡಾಜ್ ಲಾರಿಗಳು, 1942ರಲ್ಲಿ ಮರುಭೂಮಿಯ ಬ್ರಿಟಿಷ್ ಗಸ್ತು ಪಡೆಯಾದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪಿಗೆ ಬಂದ ಷೆವರ್ಲೆ 1533ಎಕ್ಸ್2 ಗಾಡಿಗಳು ನಾಗರಿಕ ಲಾರಿಯಂತೆಯೇ ಉದ್ದ ಬಾನೆಟ್ಟಿನವು.

ನಮ್ಮ ಚಿತ್ರದಲ್ಲಿರುವುದು ಮೊಂಡುಮೂತಿ. ಈ ಕುಟುಂಬದಲ್ಲಿ ಕ್ಯಾಬು ಮೂರು ಬಗೆ: 11, 12, 13ನೇ ನಂಬರಿನವು. ಮೊದಲೆರಡು ಹೆಚ್ಚುಕಡಿಮೆ ಒಂದೇ ಥರ. ದೊಡ್ಡ ವ್ಯತ್ಯಾಸವೆಂದರೆ 12ರಲ್ಲಿ ಜಾಲರಿ ಎರಡು ತುಂಡು, ಮೇಲಿನ ತುಂಡು ಬಾನೆಟ್ಟಿನ ಜೊತೆಗೇ ಮೊಸಳೆ ಬಾಯಿ ತೆರೆದಂತೆ ಮೇಲೇಳುತ್ತದೆ. 13ನೇ ಕ್ಯಾಬು ಪೂರಾ ಬೇರೆ. ಮುಂದಿನ ಎರಡು ಚಪ್ಪಟೆ ಗಾಜುಗಳು ಮೇಲ್ತುದಿಯಲ್ಲಿ ಮುಂದಕ್ಕೆ ಬಾಗಿ, ನೆಲವನ್ನು ನೋಡುವಂತೆ ನಿಂತಿರುತ್ತವೆ. ಬಿಸಿಲಿನ ಪ್ರತಿಫಲನ ಚಾಲಕನ ಕಣ್ಣಿಗೂ ಮೇಲಿನ ವಿಮಾನಕ್ಕೂ ಹೊಡೆಯದಿರಲೆಂದು ಮಾಡಿದ ಏರ್ಪಾಡು ಅದು. ಪಕ್ಕದಿಂದ ನೋಡಿದರೆ ಹುಬ್ಬು ಮುಂದೆ ಚಾಚಿದ ಮುಖದಂತಿರುತ್ತದೆ.

ಚಿತ್ರದ ಗಾಜು ಹೀಗೆಯೇ ಮುಂದಕ್ಕೆ ಬಾಗಿದೆ. ಕಣ್ಣಳತೆ ಸಾಲದು. ಬಾಗಿಲ ಹಿಂದಿನ ಕಂಬದ ಅಂಚಿಗೆ ಒಂದು ಗೆರೆ, ಗಾಜಿನ ಚೌಕಟ್ಟಿಗೆ ಒಂದು ಗೆರೆ ಎಳೆದು ನೋಡಿ. ಕ್ಯಾಮೆರಾ ವಾಲಿದ್ದರೆ ಎರಡೂ ಒಂದೇ ಕಡೆ ವಾಲುತ್ತವೆ. ಗಾಜು ನಿಜಕ್ಕೂ ಬಾಗಿದ್ದರೆ ಗೆರೆಗಳು ಮೇಲಕ್ಕೆ ಹೋದಂತೆ ಒಂದರಿಂದೊಂದು ದೂರವಾಗುತ್ತವೆ. ಇಲ್ಲಿ ದೂರವಾಗುತ್ತವೆ. ಹಾಗಾಗಿ ಇದು 13ನೇ ಕ್ಯಾಬು.

ಈ ಒಂದು ಗೆರೆಯಿಂದಲೇ ವರ್ಷ ಅಲುಗಾಡಿತು. 13ನೇ ಕ್ಯಾಬಿನ ತಯಾರಿ ಆರಂಭವಾದದ್ದು 1941ರ ಕೊನೆಯಲ್ಲಿ. ಕಾರ್ಖಾನೆ ಬಿಟ್ಟ ಲಾರಿ ಹಡಗೇರಿ, ಆಫ್ರಿಕಾದ ತುದಿ ಸುತ್ತಿ ಈಜಿಪ್ಟಿನ ಬಂದರಿಗೆ ಇಳಿದು, ಡಿಪೊ ದಾಟಿ ಪಲ್ಟನ್ನಿಗೆ ಸೇರುವುದು ವಾರಗಳ ಮಾತಲ್ಲ, ತಿಂಗಳುಗಳ ಮಾತು. 1941ರ ಲಿಬಿಯಾದಲ್ಲಿ ಈ ಗಾಡಿ ಇರಲು ಸಾಧ್ಯವಿಲ್ಲವೆಂದೇ ಹೇಳಬಹುದು. ‘ಲಿಬಿಯಾ’ ಎಂಬುದು ಇದರಿಂದ ಬೀಳುವುದಿಲ್ಲ. ಬ್ರಿಟನ್ನಿನ ಎಂಟನೇ ಸೇನೆ 1942ರ ಮೊದಲರ್ಧದಲ್ಲಿ ಲಿಬಿಯಾದ ಗಜಾಲಾ, ಟೋಬ್ರುಕ್ ಕಡೆ ಇತ್ತು. ಈಜಿಪ್ಟಿನ ಆಲಮೀನ್ ಕದನ ಆದ ಮೇಲೆ ಮತ್ತೆ ಲಿಬಿಯಾದೊಳಗೆ ನುಗ್ಗಿ 1943ರ ಜನವರಿ 23ರಂದು ಟ್ರಿಪೊಲಿ ತಲುಪಿತು. ಜಾಗ ಸರಿಯಿದ್ದು ವರ್ಷ ಒಂದೋ ಎರಡೋ ಹಿಂದಕ್ಕೆ ಸರಿದಿರುವುದು ಬರೆದವನ ನೆನಪಿಗೆ ಸಹಜವಾದ ತಪ್ಪು.

ಫೋರ್ಡೋ ಷೆವರ್ಲೆಯೋ

ಕ್ಯಾಬಿನ ರೂಪ ಇಬ್ಬರಿಗೂ ಒಂದೇ. ಎಂಜಿನ್ ಬೇರೆ: ಫೋರ್ಡಿನದು 239 ಘನ ಅಂಗುಲದ ವಿ8, 95 ಅಶ್ವಶಕ್ತಿ; ಷೆವರ್ಲೆಯದು 216 ಘನ ಅಂಗುಲದ, ಆರು ಸಿಲಿಂಡರ್ ಸಾಲಾಗಿ ನಿಂತ 85 ಅಶ್ವಶಕ್ತಿಯದು. ಮುಚ್ಚಿದ ಬಾನೆಟ್ಟಿನ ಫೋಟೊದಲ್ಲಿ ಇದರಿಂದ ಪ್ರಯೋಜನವಿಲ್ಲ. ಹೊರಗೆ ಕಾಣುವ ಗುರುತು ರೇಡಿಯೇಟರ್ ಜಾಲರಿಯ ನೇಯ್ಗೆ. ಫೋರ್ಡಿನಲ್ಲಿ ತಂತಿಗಳು ನೆಟ್ಟಗೆ ಮತ್ತು ಅಡ್ಡಕ್ಕೆ ಹೋಗಿ ಚೌಕಗಳಾಗುತ್ತವೆ. ಷೆವರ್ಲೆಯಲ್ಲಿ ಎರಡೂ ಕಡೆಯಿಂದ ಓರೆಯಾಗಿ ಹೋಗಿ ವಜ್ರಾಕಾರವಾಗುತ್ತವೆ.

ಓರೆ ನೋಟದಲ್ಲಿ ಈ ಗುರುತು ಉಳಿಯುತ್ತದೆಯೇ ಎಂಬ ಪ್ರಶ್ನೆ ಬರುತ್ತದೆ. ಉಳಿಯುತ್ತದೆ. ಚೌಕ ಅಡ್ಡಕ್ಕೆ ಕುಗ್ಗಿ ನಿಂತ ಆಯತವಾಗಬಹುದು, ಆದರೆ ಅದರ ನೆಟ್ಟ ತಂತಿ ನೆಟ್ಟಗೇ ಇರುತ್ತದೆ. ವಜ್ರ ಕುಗ್ಗಿ ತೆಳ್ಳಗಾಗಬಹುದು, ಅದರಲ್ಲಿ ನೆಟ್ಟ ತಂತಿ ಒಂದೂ ಹುಟ್ಟುವುದಿಲ್ಲ. ಆದ್ದರಿಂದ ಆಕಾರ ಹುಡುಕುತ್ತ ಕಣ್ಣು ನೋಯಿಸಿಕೊಳ್ಳುವ ಬದಲು ‘ನೆಟ್ಟ ತಂತಿ ಇದೆಯೇ’ ಎಂದಷ್ಟೇ ಕೇಳಬೇಕು. ಇಬ್ಬರು ಸೈನಿಕರ ಭುಜಗಳ ನಡುವೆ ಕಾಣುವ ಅಂಗೈಯಗಲದ ತುಣುಕಿನಲ್ಲಿ ನೆಟ್ಟ ತಂತಿ ಇಲ್ಲ, ಎರಡು ದಿಕ್ಕಿಗೂ ಓರೆ ಗೆರೆಗಳಿವೆ.

ಇಲ್ಲಿ ಒಂದು ಹಳ್ಳವಿದೆ, ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳೊಂದಿಗೆ ಕೆಲಸ ಮಾಡುವವರು ಅದರಲ್ಲಿ ಬೀಳುತ್ತಲೇ ಇರುತ್ತಾರೆ. ಪತ್ರಿಕೆ, ಪುಸ್ತಕಗಳಲ್ಲಿ ಒಂದೇ ಬಣ್ಣದ ಚಿತ್ರ ಅಚ್ಚಾಗುವುದು ಚುಕ್ಕೆಗಳ ಪರದೆಯ ಮೂಲಕ. ಆ ಪರದೆಯನ್ನು ಸಾಮಾನ್ಯವಾಗಿ 45 ಡಿಗ್ರಿ ಓರೆಯಾಗಿಯೇ ಇಡುತ್ತಾರೆ. ಅದನ್ನು ಸ್ಕ್ಯಾನ್ ಮಾಡಿ ಹಿಗ್ಗಿಸಿದರೆ ಪ್ರತಿಯೊಂದು ಫೋರ್ಡೂ ಷೆವರ್ಲೆಯಾಗಿಬಿಡುತ್ತದೆ! ಪರೀಕ್ಷೆ ಸುಲಭ. ಅದೇ ಓರೆ ನೇಯ್ಗೆ ಆಕಾಶದಲ್ಲೋ ಸೈನಿಕನ ಅಂಗಿಯಲ್ಲೋ ಕಂಡರೆ ಅದು ಅಚ್ಚಿನದು, ಲಾರಿಯದಲ್ಲ. ನಮ್ಮದು ಫೋಟೊ ಕಾಗದದ ಮೇಲಿನ ಪ್ರಿಂಟ್. ಅಂಗಿಯ ಮೇಲೆ ನೇಯ್ಗೆ ಇಲ್ಲ.

ಹಾಗಾದರೆ ಷೆವರ್ಲೆ. ಪೂರ್ತಿ ಖಚಿತವೇ ಎಂದರೆ, ಇಲ್ಲ. ಯುದ್ಧಭೂಮಿಯ ವರ್ಕ್‌ಶಾಪಿನಲ್ಲಿ ಗುಂಡು ತಾಗಿದ ಗಾಡಿಗೆ ಇನ್ನೊಂದರ ಮುಂಭಾಗ ಜೋಡಿಸಿರುವ ಸಾಧ್ಯತೆಯನ್ನು ಒಂದೇ ಫೋಟೊ ನೋಡಿ ತಳ್ಳಿಹಾಕಲಾಗದು. ದಾಖಲೆಯಲ್ಲಿ ‘ಜಾಲರಿಯ ಆಧಾರದಿಂದ ಷೆವರ್ಲೆ’ ಎಂದು ಬರೆಯುವುದು ಸರಿಯಾದ ಕ್ರಮ.

ಚಕ್ರವೇ ಅಳತೆಗೋಲು

ಕಷ್ಟದ ಭಾಗ ಇದು. ಒಂದೇ ಕ್ಯಾಬಿನಡಿ 8 ಹಂಡ್ರೆಡ್‌ವೇಟಿನಿಂದ 3 ಟನ್ನಿನವರೆಗೆ ಗಾಡಿಗಳಿದ್ದವು. ಒಂದು ಹಂಡ್ರೆಡ್‌ವೇಟ್ ಎಂದರೆ 112 ಪೌಂಡು, ಸುಮಾರು 51 ಕಿಲೊ. ಹೆಸರಿನಲ್ಲೇ ಲೆಕ್ಕವಿದೆ. ಮೊದಲಕ್ಷರ ‘ಎಫ್’ ಆದರೆ ಫೋರ್ಡ್, ‘ಸಿ’ ಆದರೆ ಷೆವರ್ಲೆ. ಅಂಕಿ ಭಾರದ ವರ್ಗ, 60 ಎಂದರೆ 60 ಹಂಡ್ರೆಡ್‌ವೇಟ್, ಅಂದರೆ 3 ಟನ್. 15ರ ಮುಂದೆ ‘ಎ’ ಇದ್ದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ. 60ರ ಮುಂದೆ ‘ಎಸ್’ ಇದ್ದರೆ ಗಿಡ್ಡ ಚಾಸಿ (ಗಾಡಿಯ ಅಡಿಚೌಕಟ್ಟು), ‘ಎಲ್’ ಇದ್ದರೆ ಉದ್ದ ಚಾಸಿ, ‘ಟಿ’ ಎಂದರೆ ಟ್ರೇಲರ್ ಎಳೆಯುವ ಟ್ರಾಕ್ಟರ್, ‘ಎಕ್ಸ್’ ಎಂದರೆ ಆರು ಚಕ್ರಕ್ಕೂ ಶಕ್ತಿ ಹೋಗುವ ಷೆವರ್ಲೆ.

ಬೇರ್ಪಡಿಸುವ ಕೀಲಿಗಳು ಎರಡು. ಮುಂದಿನ ಆಕ್ಸಲಿನಿಂದ ಹಿಂದಿನ ಆಕ್ಸಲಿಗೆ ಇರುವ ದೂರ, ಅಂದರೆ ವೀಲ್‌ಬೇಸ್. ಮತ್ತು ಟಯರಿನ ಗಾತ್ರ. ಫೋಟೊದಲ್ಲಿ ಅಂಗುಲ ಸಿಗುವುದಿಲ್ಲ, ಅನುಪಾತ ಸಿಗುತ್ತದೆ. ಟಯರಿನ ಹೊರವ್ಯಾಸಕ್ಕೆ ಒರಟು ಲೆಕ್ಕ: ರಿಮ್ಮಿನ ವ್ಯಾಸಕ್ಕೆ ಟಯರ್ ಅಗಲದ ಎರಡರಷ್ಟು ಕೂಡಿಸುವುದು. 10.50-20 ಟಯರಿಗೆ 20 + 21 = 41 ಅಂಗುಲ.

8 ಹಂಡ್ರೆಡ್‌ವೇಟ್: ವೀಲ್‌ಬೇಸ್ 101 ಅಂಗುಲ, ಟಯರ್ 9.00-13, ವ್ಯಾಸ 31, ಅನುಪಾತ 3.26
15 ಹಂಡ್ರೆಡ್‌ವೇಟ್: 101 ಅಂಗುಲ, 9.00-16, ವ್ಯಾಸ 34, ಅನುಪಾತ 2.97
30 ಹಂಡ್ರೆಡ್‌ವೇಟ್: 134 ಅಂಗುಲ, 10.50-16, ವ್ಯಾಸ 37, ಅನುಪಾತ 3.62
3 ಟನ್ ಗಿಡ್ಡ ಚಾಸಿ: 134 ಅಂಗುಲ, 10.50-20, ವ್ಯಾಸ 41, ಅನುಪಾತ 3.27
3 ಟನ್ ಉದ್ದ ಚಾಸಿ: 158 ಅಂಗುಲ, 10.50-20, ವ್ಯಾಸ 41, ಅನುಪಾತ 3.85
ಟ್ರಾಕ್ಟರ್ ಎಫ್60ಟಿ: 115 ಅಂಗುಲ, 10.50-20, ವ್ಯಾಸ 41, ಅನುಪಾತ 2.80

ಮೊದಲ ಸಾಲು, ನಾಲ್ಕನೇ ಸಾಲು ಜೋಡಿಸಿ ನೋಡಿ. ಅತಿ ಚಿಕ್ಕ ಗಾಡಿಯೂ ದೊಡ್ಡ 3 ಟನ್ನರೂ ಅನುಪಾತದಲ್ಲಿ ಅವಳಿ. ಬರೀ ಈ ಲೆಕ್ಕ ನಂಬಿದವನು 8 ಹಂಡ್ರೆಡ್‌ವೇಟಿನ ಗಾಡಿಗೂ 60 ಹಂಡ್ರೆಡ್‌ವೇಟಿನದಕ್ಕೂ ಒಂದೇ ಚೀಟಿ ಅಂಟಿಸುತ್ತಾನೆ. ಅದಕ್ಕೇ ಕೊನೆಯಲ್ಲಿ ಮನುಷ್ಯನ ಎತ್ತರದ ಪರೀಕ್ಷೆ ಬೇಕು.

ಈಗ ಅಳತೆ. ಲಾರಿ ಪೂರ್ತಿ ಪಕ್ಕಕ್ಕೆ ನಿಂತಿದ್ದರೆ ವೀಲ್‌ಬೇಸನ್ನು ಟಯರಿನ ಎತ್ತರದಿಂದ ಭಾಗಿಸಿದರೆ ಮುಗಿಯಿತು. ಓರೆಯಾಗಿ ನಿಂತಾಗ ವೀಲ್‌ಬೇಸ್ ಕುಗ್ಗುತ್ತದೆ, ಟಯರಿನ ಎತ್ತರ ಕುಗ್ಗುವುದಿಲ್ಲ. ಟಯರಿನ ಅಡ್ಡ ಅಗಲ ಮಾತ್ರ ವೀಲ್‌ಬೇಸಿನ ಜೊತೆಗೇ ಕುಗ್ಗುತ್ತದೆ. ಆದ್ದರಿಂದ ಹೋಲಿಸಬೇಕಾದದ್ದು ಅಡ್ಡ ಅಗಲದೊಂದಿಗೆ. ಟಯರಿನ ಹೊರಮೈಯ ದೀರ್ಘವೃತ್ತವನ್ನೇ ಅಳೆಯಬೇಕು, ಪಕ್ಕದಲ್ಲಿ ಇಣುಕುವ ನೆಲ ತಾಗುವ ಗೆರೆಪಟ್ಟಿಯನ್ನು ಸೇರಿಸಬಾರದು. ಮೇಲ್ತುದಿ ಮಡ್‌ಗಾರ್ಡಿನಡಿ ಅಡಗಿದ್ದರೆ, ಕೆಳತುದಿ ಭಾರಕ್ಕೆ ಚಪ್ಪಟೆಯಾಗಿದ್ದರೆ, ಕಾಣುವ ಕಮಾನಿಗೆ ದೀರ್ಘವೃತ್ತ ಹೊಂದಿಸಿ ಅದರ ಎತ್ತರ ತೆಗೆದುಕೊಳ್ಳಿ.

ನಮ್ಮ ಚಿತ್ರದ ಅಳತೆಗಳು ಪಿಕ್ಸೆಲಿನಲ್ಲಿ: ಮುಂದಿನ ಟಯರಿನ ಎತ್ತರ 600, ಅಗಲ 440. ಹಿಂದಿನ ಟಯರಿನ ಎತ್ತರ 500, ಅಗಲ 361. ಎರಡು ಆಕ್ಸಲ್ ಕೇಂದ್ರಗಳ ನಡುವಿನ ಅಡ್ಡ ದೂರ 1420.

ಅವಸರದ ಲೆಕ್ಕ ಹೀಗಿರುತ್ತದೆ: ಎರಡು ಅಗಲಗಳ ಸರಾಸರಿ ಸುಮಾರು 400, 1420ನ್ನು ಅದರಿಂದ ಭಾಗಿಸಿದರೆ 3.55. ಪಟ್ಟಿಯಲ್ಲಿ ಇದಕ್ಕೆ ಹತ್ತಿರ 3.62, ಅಂದರೆ 30 ಹಂಡ್ರೆಡ್‌ವೇಟ್. ನೋಡಲು ಚೊಕ್ಕ ಉತ್ತರ, ಆದರೆ ತಪ್ಪು.

ತಪ್ಪಿದ್ದು ಮುಂದಿನ ಚಕ್ರದಲ್ಲಿ. ಒಂದೇ ಗಾತ್ರದ ಎರಡು ಚಕ್ರ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ, ಅವುಗಳ ಎತ್ತರ ದೂರಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ, ಅಡ್ಡ ಅಗಲ ಆ ಅನುಪಾತದ ವರ್ಗದಷ್ಟು ಕಡಿಮೆಯಾಗುತ್ತದೆ. ಇಲ್ಲಿ ಎತ್ತರಗಳ ಅನುಪಾತ 600ಕ್ಕೆ 500, ಅಂದರೆ 1.2. ವರ್ಗ 1.44. ಹಿಂದಿನ ಅಗಲ 361 ಆದರೆ ಮುಂದಿನದು 361 × 1.44, ಸುಮಾರು 520 ಇರಬೇಕಿತ್ತು. ಇರುವುದು 440. ಅಂದರೆ ಮುಂದಿನ ಚಕ್ರ ನೆಟ್ಟಗಿಲ್ಲ, ಚಾಲಕ ಸ್ಟೀರಿಂಗ್ ತಿರುಗಿಸಿಟ್ಟು ಇಳಿದಿದ್ದಾನೆ. ಕಣ್ಣಿಗೆ ಅಷ್ಟಾಗಿ ತಿಳಿಯದ ತಿರುವು ಇದು. ಲೆಕ್ಕದಲ್ಲಿ ಮಾತ್ರ 30 ಹಂಡ್ರೆಡ್‌ವೇಟನ್ನೂ 3 ಟನ್ನನ್ನೂ ಅದಲುಬದಲು ಮಾಡುವಷ್ಟು ದೊಡ್ಡದು.

ಆದ್ದರಿಂದ 440ನ್ನು ಬಿಟ್ಟು, ಇರಬೇಕಾದ 520ನ್ನೇ ಹಿಡಿಯಬೇಕು. ಸರಾಸರಿಯನ್ನೂ ಕೂಡಿ ಎರಡರಿಂದ ಭಾಗಿಸಿ ತೆಗೆಯಬಾರದು, ಗುಣಿಸಿ ವರ್ಗಮೂಲ ತೆಗೆಯಬೇಕು. ದೂರ ಹೋದಂತೆ ಅಡ್ಡ ಅಳತೆ ಕುಗ್ಗುವ ಕ್ರಮಕ್ಕೆ ಹೊಂದುವುದು ಅದೇ. 361 × 520ರ ವರ್ಗಮೂಲ 433. 1420 ÷ 433 = 3.28. ಪಟ್ಟಿಯ 3.27ರ ಪಕ್ಕದಲ್ಲೇ ಬಂದು ಕೂತಿತು.

ಈ ವಿಧಾನಕ್ಕೆ ಒಂದು ಷರತ್ತಿದೆ. ಕ್ಯಾಮೆರಾ ಹೆಚ್ಚುಕಡಿಮೆ ಮಟ್ಟವಾಗಿರಬೇಕು, ಮೇಲಿಂದ ಕೆಳಕ್ಕೆ ಬಗ್ಗಿ ತೆಗೆದ ಚಿತ್ರಕ್ಕೆ ಇದು ಒಗ್ಗದು. ತಪ್ಪಿನ ಅವಕಾಶವನ್ನೂ ಬರೆದಿಡಿ. ಟಯರಿನ ಅಂಚು ಐದಾರು ಪಿಕ್ಸೆಲ್ ಆಚೀಚೆ ಆಗಬಹುದು, ಸವೆದ ಟಯರಿನ ವ್ಯಾಸ ಒರಟು ಲೆಕ್ಕಕ್ಕಿಂತ ಕಡಿಮೆಯಿರಬಹುದು. ಎಲ್ಲ ಸೇರಿ ನೂರಕ್ಕೆ ಐದರಷ್ಟು ಸಡಿಲ ಬಿಟ್ಟರೆ ಉತ್ತರ 3.12ರಿಂದ 3.44ರ ನಡುವೆ. 3.62, 3.85, 2.80 ಹೊರಬಿದ್ದವು. 15 ಹಂಡ್ರೆಡ್‌ವೇಟಿನ 2.97 ಕೂಡ ಹೊರಗೇ, ಆದರೆ ಬೇಲಿಯ ಪಕ್ಕದಲ್ಲೇ ನಿಂತಿದೆ. 8 ಹಂಡ್ರೆಡ್‌ವೇಟ್ ಇನ್ನೂ ಒಳಗಿದೆ.

ಮೊಣಕಾಲೋ ಸೊಂಟವೋ

ಮುಂದಿನ ಚಕ್ರಕ್ಕೆ ತಾಗಿದಂತೆ ಒಬ್ಬ ಸೈನಿಕ ನಿಂತಿದ್ದಾನೆ. ಅದೃಷ್ಟವೇ ಸರಿ, ಏಕೆಂದರೆ ಚಕ್ರದಷ್ಟೇ ದೂರದಲ್ಲಿರುವವನನ್ನು ಮಾತ್ರ ಅಳತೆಗೆ ಹಿಡಿಯಬಹುದು. ಎರಡು ಹೆಜ್ಜೆ ಮುಂದೆ ಬಂದವನು ಕ್ಯಾಮೆರಾಕ್ಕೆ ದೊಡ್ಡವನಾಗಿ ಕಂಡು, ಗಾಡಿಯನ್ನು ಇರುವುದಕ್ಕಿಂತ ಚಿಕ್ಕದೆಂದು ನಂಬಿಸುತ್ತಾನೆ. ಪಾದ ನೆಲ ತಾಗುವ ಜಾಗವನ್ನು ಟಯರ್ ನೆಲ ತಾಗುವ ಜಾಗದ ಜೊತೆ ಹೋಲಿಸಿದರೆ ಯಾರು ಎಲ್ಲಿದ್ದಾರೆಂದು ತಿಳಿಯುತ್ತದೆ.

ಅವನ ಎತ್ತರ 990 ಪಿಕ್ಸೆಲ್. ಐದಡಿ ಏಳು ಅಂಗುಲ, ಅಂದರೆ 67 ಅಂಗುಲದ ಆಳು ಎಂದು ಹಿಡಿದರೆ, 600 ಪಿಕ್ಸೆಲಿನ ಟಯರ್ 40 ಅಂಗುಲಕ್ಕಿಂತ ತುಸು ಹೆಚ್ಚಾಯಿತು. ಅವನು ಐದಡಿ ಮೂರೇ ಅಂಗುಲವಿದ್ದರೂ ಟಯರ್ 38ಕ್ಕೆ ಇಳಿಯುತ್ತದೆಯೇ ಹೊರತು 34ಕ್ಕೆ ಬರುವುದಿಲ್ಲ. 31 ಅಂಗುಲದ ಚಿಕ್ಕ ಟಯರ್ ಆಗಬೇಕಾದರೆ ಅವನು ನಾಲ್ಕೂಕಾಲು ಅಡಿಯ ಕುಳ್ಳನಾಗಬೇಕು. ಲೆಕ್ಕವಿಲ್ಲದೆಯೂ ಇದು ತಿಳಿಯುತ್ತದೆ: 3 ಟನ್ನರಿನ ಚಕ್ರ ನಿಂತವನ ಸೊಂಟದವರೆಗೆ ಬರುತ್ತದೆ, 8 ಹಂಡ್ರೆಡ್‌ವೇಟಿನದು ತೊಡೆಯ ಮೇಲ್ತುದಿಗೆ. ಇನ್ನೊಂದು ಆಸರೆ ರಿಮ್. ಟಯರಿನ ಎತ್ತರ 600ಕ್ಕೆ ರಿಮ್ಮಿನ ಎತ್ತರ 315, ಅರ್ಧಕ್ಕಿಂತ ತುಸು ಹೆಚ್ಚು. ರಿಮ್ಮಿನ ತುಟಿ ಹೆಸರಿನ ಅಳತೆಗಿಂತ ಹೊರಕ್ಕೆ ಚಾಚಿರುವುದರಿಂದ 20 ಅಂಗುಲದ ರಿಮ್ ಹೀಗೆಯೇ ಕಾಣಬೇಕು. 10.50-16 ಟಯರಿನಲ್ಲಿ ರಬ್ಬರಿನ ಪಾಲು ಹೆಚ್ಚು, ರಿಮ್ ಅರ್ಧಕ್ಕಿಂತ ಕಡಿಮೆ. ಅಲ್ಲಿಗೆ 8, 15, 30 ಮೂರೂ ಹೊರಬಿದ್ದವು.

ಉಳಿದದ್ದು ಒಂದೇ ಕಾಟ. ಆರು ಚಕ್ರದ ಸಿ60ಎಕ್ಸ್‌ಗೂ 13ನೇ ಕ್ಯಾಬು, ಅದೇ ವಜ್ರ ಜಾಲರಿ, 10.50-20 ಟಯರು. ಅದರ ವೀಲ್‌ಬೇಸ್ 160 ಅಂಗುಲ ಎಂದು ಪಟ್ಟಿಗಳಲ್ಲಿರುವುದು ಹಿಂದಿನ ಎರಡು ಆಕ್ಸಲುಗಳ ನಡುಬಿಂದುವಿಗೆ. ಮುಂದಿನ ಆಕ್ಸಲಿನಿಂದ ನಡುವಿನ ಆಕ್ಸಲಿಗೆ ದೂರ ಅದಕ್ಕಿಂತ ಸಾಕಷ್ಟು ಕಡಿಮೆ, ನಮ್ಮ 134ರ ಹತ್ತಿರಕ್ಕೇ ಬಂದು ಮೋಸ ಮಾಡಬಲ್ಲದು. ಮೂರನೇ ಆಕ್ಸಲ್ ಚೌಕಟ್ಟಿನ ಹೊರಗೆ ಉಳಿದ ಚಿತ್ರದಲ್ಲಿ ಇದನ್ನು ಗುರುತಿಸುವುದು ಕಷ್ಟ. ಇಲ್ಲಿ ಹಿಂದಿನ ಚಕ್ರದಾಚೆಗಿನ ಒಂದೂವರೆ ಚಕ್ರದಷ್ಟು ಖಾಲಿ ಜಾಗ ನಮ್ಮನ್ನು ಉಳಿಸಿತು. ಮೂರನೇ ಆಕ್ಸಲ್ ಇದ್ದಿದ್ದರೆ ಅದರ ಟಯರು ಅಲ್ಲಿ ಕಾಣಲೇಬೇಕಿತ್ತು. ಪುಸ್ತಕಕ್ಕೆಂದು ಯಾರಾದರೂ ಆ ಬದಿಯನ್ನು ಕತ್ತರಿಸಿದ್ದರೆ ಉತ್ತರವೇ ಕತ್ತರಿಸಿಹೋಗುತ್ತಿತ್ತು.

ನಂಬರು, ಗುರುತು, ಮೈ

ಬಾನೆಟ್ಟಿನ ‘ಎಲ್’ ಬ್ರಿಟಿಷ್ ಕ್ರಮದಲ್ಲಿ ಲಾರಿಗೆ ಕೊಡುವ ಅಕ್ಷರ. 15 ಹಂಡ್ರೆಡ್‌ವೇಟಿನಂಥ ಸಣ್ಣ ಟ್ರಕ್ಕುಗಳಿಗೆ ‘ಝಡ್’, ತೋಪು ಎಳೆಯುವ ಟ್ರಾಕ್ಟರುಗಳಿಗೆ ‘ಎಚ್’. ಪೆನ್ಸಿಲ್ ಬರಹದ ‘15 ಹಂಡ್ರೆಡ್‌ವೇಟ್’ಗೆ ಇದು ಇನ್ನೊಂದು ಏಟು. 30ಕ್ಕೂ 60ಕ್ಕೂ ‘ಎಲ್’ ಒಂದೇ ಆದ್ದರಿಂದ ಅವೆರಡನ್ನು ಬೇರ್ಪಡಿಸಲು ಇದು ನೆರವಾಗದು. ಕೆನಡಾದ ಸೇನೆ ತನ್ನ ಗಾಡಿಗಳಿಗೆ ಇದೇ ಅಕ್ಷರಗಳ ಹಿಂದೆ ‘ಸಿ’ ಸೇರಿಸಿ ‘ಸಿಎಲ್’, ‘ಸಿಝಡ್’ ಎಂದು ಬರೆಯುತ್ತಿತ್ತು. ನಮ್ಮ ಚಿತ್ರದಲ್ಲಿ ‘ಸಿ’ ಇರಬೇಕಾದ ಜಾಗದಲ್ಲೇ ಮೊಣಕೈ. ಹಾಗಾಗಿ ಗಾಡಿ ಯಾರ ಸೇನೆಯದು ಎಂಬ ಕಲಂ ಖಾಲಿ ಬಿಡಬೇಕು. ಕೆನಡಾದಲ್ಲಿ ಕಟ್ಟಿದ್ದೆಂದರೆ ಕೆನಡಾದ ಸೈನಿಕರೆಂದು ಅರ್ಥವಲ್ಲ. ಈ ಲಾರಿಗಳು ಬ್ರಿಟಿಷ್, ಭಾರತೀಯ, ಆಸ್ಟ್ರೇಲಿಯನ್, ನ್ಯೂಜಿಲೆಂಡ್ ಪಡೆಗಳಲ್ಲೆಲ್ಲ ಓಡಿದವು.

ಮಡ್‌ಗಾರ್ಡಿನ ಮೇಲೆ ಒಂದು ಕಪ್ಪು ಚೌಕವಿದೆ, ಒಳಗೆ ಏನೂ ಕಾಣದು. ಅಳಿಸಿದ ಗುರುತು ಎಂದು ಬರೆಯುವ ಮುನ್ನ ಫಿಲ್ಮಿನ ಬಗೆ ನೆನಪಿರಲಿ. ಆ ಕಾಲದ ಸಾಮಾನ್ಯ ರೋಲ್ ಫಿಲ್ಮುಗಳಲ್ಲಿ ಅನೇಕವು ಕೆಂಪು ಬೆಳಕನ್ನು ಹಿಡಿಯದ ಆರ್ಥೊಕ್ರೊಮ್ಯಾಟಿಕ್ ಜಾತಿಯವು. ಕೆಂಪು ಅವುಗಳಲ್ಲಿ ಕಪ್ಪಾಗಿ ಬೀಳುತ್ತದೆ. ಐದನೇ ಭಾರತೀಯ ಡಿವಿಜನ್ನಿನ ಗುರುತು ಕಪ್ಪಿನ ಮೇಲೆ ಕೆಂಪು ಚೆಂಡು. ಅಂಥ ಫಿಲ್ಮಿನಲ್ಲಿ ಅದು ಬರೀ ಕಪ್ಪು ಚೌಕವೇ. ಆ ಡಿವಿಜನ್ ಉತ್ತರ ಆಫ್ರಿಕಾದಲ್ಲೂ ಇತ್ತು ಎಂಬುದು ನಿಜ, ಆದರೆ ಕಾಣದ ಚೆಂಡನ್ನು ಕಂಡಂತೆ ಬರೆಯಲಾಗದು. ‘ಕಪ್ಪು ಚೌಕ, ಒಳಗಿನ ಗುರುತು ಅಸ್ಪಷ್ಟ’ ಎಂದಷ್ಟೇ ಬರೆಯಬೇಕು.

ಮಿತ್ರಪಡೆಗಳ ಬಿಳಿ ನಕ್ಷತ್ರ ಚಿತ್ರದಲ್ಲಿಲ್ಲ. ಅದು ಈ ಗಾಡಿಗಳ ಮೇಲೆ ವ್ಯಾಪಕವಾಗಿ ಬಂದದ್ದು 1943ರ ಸಿಸಿಲಿ ದಾಳಿಯ ಹೊತ್ತಿಗೆ. ಇಲ್ಲದಿರುವುದು 1942-43ರ ಆರಂಭಕ್ಕೆ ಹೊಂದುತ್ತದೆ, ಅಷ್ಟೇ. ಇಲ್ಲದ್ದನ್ನು ಸಾಕ್ಷಿಯಾಗಿ ಎಣಿಸುವುದು ಬೇಡ.

ಹಿಂದಿನ ಮೈ (ಬಾಡಿ) ಯಾವ ಬಗೆಯದು ಎಂಬುದನ್ನು ಬೇಕೆಂದೇ ಕೊನೆಗಿಟ್ಟಿದ್ದೇವೆ. ಗುರುತಿಸುವವರು ಮೊದಲು ನೋಡುವುದು ಅದನ್ನೇ, ಮೊದಲು ತಪ್ಪುವುದೂ ಅಲ್ಲೇ. ಚಾಸಿ ಒಂದಕ್ಕೆ ಸಾಮಾನು ಮೈ, ವರ್ಕ್‌ಶಾಪ್ ಮೈ, ವೈರ್‌ಲೆಸ್ ಮೈ ಏನನ್ನಾದರೂ ಕೂರಿಸುತ್ತಿದ್ದರು. ನಮ್ಮ ನಾಡಿನ ಮನೆಗಳಲ್ಲಿ ಸಿಗುವ ಆಲ್ಬಮ್ಮುಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಬರ್ಮಾ ರಂಗದ ಚಿತ್ರಗಳಲ್ಲಿ ಕಾಣುವ ಗಾಡಿಗಳಲ್ಲಿ ಎಷ್ಟೋ ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು ಭಾರತದಲ್ಲೇ ಜೋಡಣೆಯಾದವು, ಮೈ ಇಲ್ಲಿನ ಮರದಲ್ಲಿ, ಇಲ್ಲಿನ ಬಡಗಿಗಳ ಕೈಯಲ್ಲಿ ಆದದ್ದು. ಕೆನಡಾದ ಫೋರ್ಡ್ ಚಾಸಿಯ ಮೇಲೆ ಭಾರತದಲ್ಲಿ ಉಕ್ಕಿನ ಕವಚ ಕಟ್ಟಿದ ‘ಇಂಡಿಯನ್ ಪ್ಯಾಟರ್ನ್’ ಕ್ಯಾರಿಯರುಗಳಲ್ಲಿ ಕ್ಯಾಬೇ ಇಲ್ಲ, ಜಾಲರಿಯೂ ಇಲ್ಲ. ಅಲ್ಲಿ ಉಳಿಯುವುದು ಚಕ್ರ ಮತ್ತು ಚಕ್ರಗಳ ನಡುವಿನ ದೂರ ಮಾತ್ರ.

ದಾಖಲೆಯ ಚೀಟಿ

ಹೀಗೆ ಬರೆದೆವು. ‘ಕೆನಡಿಯನ್ ಮಿಲಿಟರಿ ಪ್ಯಾಟರ್ನ್, 13ನೇ ಕ್ಯಾಬು: ಖಚಿತ. ಷೆವರ್ಲೆ: ಜಾಲರಿಯ ಆಧಾರದಿಂದ. 3 ಟನ್, 4×4 (ನಾಲ್ಕೂ ಚಕ್ರಕ್ಕೆ ಶಕ್ತಿ), ಗಿಡ್ಡ ಚಾಸಿ, ಸಿ60ಎಸ್: ವೀಲ್‌ಬೇಸ್-ಟಯರ್ ಅನುಪಾತ 3.28, ಟಯರ್ ವ್ಯಾಸ ಸುಮಾರು 40 ಅಂಗುಲ, ಮೂರನೇ ಆಕ್ಸಲ್ ಇಲ್ಲ. ಕಾಲ: 1942ಕ್ಕಿಂತ ಹಿಂದಿನದಲ್ಲ. ಜಾಗ: ಹಿಂಬರಹದಲ್ಲಿ ಲಿಬಿಯಾ, ಚಿತ್ರದಲ್ಲಿ ಅದನ್ನು ಅಲ್ಲಗಳೆಯುವ ಏನೂ ಇಲ್ಲ, ದೃಢಪಡಿಸುವ ಏನೂ ಇಲ್ಲ. ಯಾರ ಸೇನೆ: ತಿಳಿಯದು.’

ಅದರ ಕೆಳಗೆ ಹಳೆಯ ಬರಹವನ್ನು ಅಕ್ಷರ ಬದಲಿಸದೆ ನಕಲು ಮಾಡಿ, ಮೂಲದ ಪೆನ್ಸಿಲ್ ಗೆರೆಯನ್ನು ಮುಟ್ಟದೆ ಬಿಟ್ಟದ್ದಾಯಿತು. ಅದೇ ರೋಲಿನ ಪಕ್ಕದ ನೆಗೆಟಿವ್ ಎಂದಾದರೂ ಸಿಕ್ಕರೆ ಮೊದಲು ನೋಡಬೇಕಾದದ್ದು ಬಾನೆಟ್ಟಿನ ಪಕ್ಕ. ಅಷ್ಟರಲ್ಲಿ ಆ ಸೈನಿಕ ಮೊಣಕೈ ತೆಗೆದಿರಬಹುದು.